ಮಂಗನ ಕಾಯಿಲೆಯ ಲಸಿಕೆ ಮತ್ತು ಆರೋಗ್ಯ ಸಿಬ್ಬಂದಿಯ ಮಾತು

ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಅಡಕೆಯ ಬೇಸಾಯಗಾರನಿಗೆ ಸೊಪ್ಪಿನ ಬೆಟ್ಟವನ್ನು ಬಿಟ್ಟು ಬದುಕಿಲ್ಲ. ಬೇಸಗೆಯಲ್ಲಿ ದರಕು ಗುಡಿಸಲು ಅಲ್ಲಿಗೆ ಹೋದವರನ್ನು ಉಣುಗು ಬಿಡುವುದೂ ಇಲ್ಲ. 1957ರಲ್ಲಿ ನೆರೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಅರಣ್ಯದಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆಯು ಹರಡುವುದು ಈ ಉಣುಗುಗಳಿಂದಲೇ. ರೋಗಿಯ ಹಿತಕ್ಕೆ ಕುಂದೊದಗುತ್ತಿದೆಯೆಂದು ಆರೋಗ್ಯ ಸಿಬ್ಬಂದಿಯು ಬಾಯಿಬಿಟ್ಟು ಹೇಳುವುದರ ಅರ್ಥವೇನೆಂಬುದನ್ನು ಈ ರೋಗದ ಲಸಿಕೆಯ ಇತಿಹಾಸದಿಂದ ವಿವರಿಸಲು ನಾವು ಇಲ್ಲಿ ಯತ್ನಿಸುತ್ತೇವೆ.

1990-92ರ ಕ್ಷೇತ್ರಪ್ರಯೋಗದಲ್ಲಿ ಈ ಲಸಿಕೆಯ ಎರಡು ಮಾತ್ರೆಗಳು ಶೇಕಡಾ 93.5ರಷ್ಟು ರಕ್ಷಣೆ ನೀಡುವುವೆಂದು ಕಂಡುಬಂದಿತ್ತು. ತಿಂಗಳ ಅಂತರದಲ್ಲಿ ಎರಡು ಸಲ, ಆಮೇಲೆ ಬಲವರ್ಧನೆಗಾಗಿ ಮತ್ತೆ ಮತ್ತೆ ಚುಚ್ಚಿಸಿಕೊಳ್ಳಬೇಕಿತ್ತು. ಚುಚ್ಚಿದೆಡೆ ನೋವೂ ಹೆಚ್ಚಾಗಿರುತ್ತಿತ್ತು. ಇಂಥ ಲಸಿಕೆಗೆ ಜನರನ್ನು ಒಪ್ಪಿಸುವ ಭಾರ ಹಳ್ಳಿ ಹಳ್ಳಿ ಸುತ್ತುವ ಆರೋಗ್ಯ ಸಹಾಯಕರದಾಗಿತ್ತು. ಲಸಿಕೆ ಪಡೆದವನೇ ಜ್ವರದಿಂದ ಮಲಗಿದಾಗ ಮೊದಲು ಕಾಣುತ್ತಿದ್ದವರೂ ಅವರೇ, ಮನೆಯವರ ಪ್ರಶ್ನೆಗೆ ಉತ್ತರಿಸಬೇಕಾಗಿದ್ದವರೂ ಅವರೇ. ಸಂಶಯವನ್ನು ಊರಿನಲ್ಲಿ ಆಡಿದರೆ ಮರುದಿನ ಯಾರೂ ತೋಳು ಚಾಚುತ್ತಿರಲಿಲ್ಲ. ಆಡದೆ ಉಳಿದರೆ, ತನಗೆ ರಕ್ಷೆಯಿದೆಯೆಂದು ನಂಬಿದವನು ಮೈಗೆ ಉಣುಗುನಿವಾರಕ ಎಣ್ಣೆಯನ್ನೂ ಸವರದೆ ಬೆಟ್ಟ ಹತ್ತುತ್ತಿದ್ದನು. ಈ ಇಕ್ಕಟ್ಟನ್ನು ಮೇಲಿನ ಕಚೇರಿಗಳು ಅರಿಯುವುದು ಕಡಿಮೆಯೆಂದೇ ನಮ್ಮ ಅಭಿಪ್ರಾಯ.

ಒಬ್ಬ ಸಹಾಯಕನ ಕಣ್ಣಿಗೆ ಬೀಳುವ ರೋಗಿಗಳು ಕೆಲವರು ಮಾತ್ರ. ಅಷ್ಟರಿಂದಲೇ ಲಸಿಕೆ ಕೆಟ್ಟಿತೆನ್ನಲಾಗದು, ಏಕೆಂದರೆ ಆ ರೋಗಿಗಳು ಎಲ್ಲ ಮಾತ್ರೆಗಳನ್ನೂ ಪಡೆದಿರಲಿಕ್ಕಿಲ್ಲ. ಪಡೆದವರೆಷ್ಟು, ಪಡೆಯದವರೆಷ್ಟು, ಎರಡೂ ಗುಂಪುಗಳಲ್ಲಿ ರೋಗ ಬಿದ್ದವರೆಷ್ಟು ಎಂಬ ನಾಲ್ಕು ಲೆಕ್ಕಗಳು ಕೂಡಿದಾಗಲೇ ಸಂಶಯವು ಸಾಕ್ಷ್ಯವಾಗುವುದು. 2005-10ರ ಅವಧಿಯ ಇಂಥ ಲೆಕ್ಕವನ್ನು ಶಿವಮೊಗ್ಗದ ಸರಕಾರಿ ವೈರಾಣು ಪ್ರಯೋಗಾಲಯದವರೂ ಸೇರಿ 2013ರಲ್ಲಿ ಪ್ರಕಟಿಸಿದರು: ಎರಡು ಮಾತ್ರೆಗಳ ಫಲ ಶೇಕಡಾ 62.4, ಬಲವರ್ಧಕವೂ ಸೇರಿದರೆ 82.9. ಇಲಾಖೆಯೊಳಗಿನವರೇ ಇಲಾಖೆಯ ಲಸಿಕೆಯ ಕೊರತೆಯನ್ನು ಅಂಕಿಗಳಿಂದ ತೋರಿಸಿದರೆಂಬುದು ಸಣ್ಣ ಸಂಗತಿಯಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್ ಆಸ್ಪತ್ರೆಯ ಅರಿವಳಿಕೆ ವೈದ್ಯ ಸ್ಟೀಫನ್ ಬೋಲ್ಸಿನ್ ಅವರು 1990ರ ದಶಕದಲ್ಲಿ ಮಾಡಿದ್ದೂ ಎಣಿಕೆಯನ್ನೇ. ಹೃದಯದ ಶಸ್ತ್ರಕ್ರಿಯೆಯಲ್ಲಿ ಸಾಯುತ್ತಿದ್ದ ಮಕ್ಕಳ ಲೆಕ್ಕವನ್ನು ಅವರು ಮುಂದಿಟ್ಟರು, ಕೊನೆಗೆ ದೇಶ ಬಿಟ್ಟು ಆಸ್ಟ್ರೇಲಿಯಕ್ಕೆ ಹೋದರು. ವಿಚಾರಣಾ ವರದಿ ಹೊರಬಂದದ್ದು 2001ರಲ್ಲಿ.

ನಮ್ಮಲ್ಲಿ 2010ರಿಂದ ಔಷಧಜಾಗೃತಿ ಕಾರ್ಯಕ್ರಮವಿದ್ದು, ವೈದ್ಯರಲ್ಲದೆ ದಾದಿಯರೂ ಔಷಧದ ದುಷ್ಪರಿಣಾಮವನ್ನು ವರದಿಮಾಡಬಹುದು. ಆದರೆ ದುಷ್ಪರಿಣಾಮವು ಕಣ್ಣಿಗೆ ಕಾಣುವಂಥದು; ಲಸಿಕೆಯು ಕೆಲಸಮಾಡದಿರುವುದು ಹಾಗೆ ಕಾಣುವುದಿಲ್ಲ. ಅದನ್ನು ತಿಳಿಯಲು ಜ್ವರದ ದಾಖಲೆಯೂ ಲಸಿಕೆಯ ದಾಖಲೆಯೂ ಒಂದೇ ಮೇಜಿನ ಮೇಲೆ ಬರಬೇಕು.

2013ರ ಅಂಕಿಗಳ ಬಳಿಕವೂ ಹಳೆಯ ಲಸಿಕೆಯು ಬಳಕೆಯಲ್ಲಿ ಉಳಿದು, 2022ರಲ್ಲಷ್ಟೇ ನಿಂತಿತು. 2024ರ ಬೇಸಗೆಯಲ್ಲಿ ಸಿದ್ದಾಪುರ ತಾಲ್ಲೂಕಿನಲ್ಲಿ ಈ ರೋಗವು ಜೀವಗಳನ್ನು ಕೊಂಡಾಗ ಆರೋಗ್ಯ ಸಹಾಯಕರ ಕೈಯಲ್ಲಿ ಇದ್ದದ್ದು ಎಣ್ಣೆಯ ಸೀಸೆ ಮತ್ತು ಎಚ್ಚರಿಕೆಯ ಮಾತು.