ಕಿರುಕಿಂಡಿಯಲ್ಲಿ ನೀಹಾರಿಕೆ

ದೇವಯಾನಿ ಗೆಲಾಕ್ಸಿಯ ಫೋಟೊಗಳಿಗೆ ಲೆಕ್ಕವಿಲ್ಲ. 1880ರ ದಶಕದಿಂದ ವೀಕ್ಷಣಾಲಯಗಳೂ ಹವ್ಯಾಸಿಗಳೂ ಅದನ್ನು ಸೆರೆಹಿಡಿಯುತ್ತಲೇ ಬಂದಿದ್ದಾರೆ. ಆದರೂ ಅದರ ಪಕ್ಕದಲ್ಲೇ, ಹುಣ್ಣಿಮೆ ಚಂದ್ರನ ಸುಮಾರು ಮೂರು ಪಟ್ಟು ಉದ್ದಕ್ಕೆ ಚಾಚಿಕೊಂಡ ಅನಿಲದ ಕಮಾನೊಂದು 2022ರವರೆಗೆ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಕಂಡುಹಿಡಿದ ಯಾನ್ ಸೆಂಟಿ, ಮಾರ್ಸೆಲ್ ಡ್ರೆಕ್ಸ್ಲರ್, ಕ್ಸಾವಿಯೆ ಸ್ಟ್ರಾಟ್ನರ್ ಮೂವರೂ ಹವ್ಯಾಸಿಗಳು. ಬಳಸಿದ್ದು 106 ಮಿ.ಮೀ. ಮಸೂರದ ದೂರದರ್ಶಕ, ಜೊತೆಗೆ ಆಕ್ಸಿಜನ್‌ ಬೆಳಕನ್ನಷ್ಟೇ ಒಳಬಿಡುವ ಒಂದು ಫಿಲ್ಟರ್.

ನಕ್ಷತ್ರ ಎಲ್ಲ ಬಣ್ಣಗಳನ್ನೂ ಸೂಸುತ್ತದೆ. ನೀಹಾರಿಕೆಯ ಕಾದ ಅನಿಲ ಹಾಗಲ್ಲ, ಕೆಲವೇ ಬಣ್ಣಗಳಲ್ಲಿ ಹೊಳೆಯುತ್ತದೆ. ಹೈಡ್ರೋಜನ್‌ನದು 656.3 ನ್ಯಾನೊಮೀಟರ್‌ನ ಕಡುಗೆಂಪು. ಎರಡು ಎಲೆಕ್ಟ್ರಾನ್ ಕಳೆದುಕೊಂಡ ಆಕ್ಸಿಜನ್‌ನದು 500.7ರ ಹಸಿರು. ಈ ಹಸಿರು ಗೆರೆಯನ್ನು 1864ರಲ್ಲಿ ವಿಲಿಯಂ ಹಗಿನ್ಸ್ ಮೊದಲು ಕಂಡಾಗ ಅದು ಗೊತ್ತಿದ್ದ ಯಾವ ಧಾತುವಿಗೂ ಹೊಂದಲಿಲ್ಲ. ‘ನೆಬ್ಯುಲಿಯಂ’ ಎಂಬ ಹೊಸ ಧಾತುವನ್ನೇ ಊಹಿಸಿಕೊಂಡರು. ಅದು ನಾವು ಉಸಿರಾಡುವ ಆಕ್ಸಿಜನ್ನೇ ಎಂದು ಐರಾ ಬೋವೆನ್ ತೋರಿಸಿಕೊಟ್ಟದ್ದು 1927ರಲ್ಲಿ.

ಫಿಲ್ಟರ್ ಆ ಗೆರೆಯ ಸುತ್ತ 3ರಿಂದ 7 ನ್ಯಾನೊಮೀಟರ್ ಅಗಲದ ಕಿಂಡಿಯೊಂದನ್ನು ತೆರೆದಿಟ್ಟು ಉಳಿದದ್ದನ್ನೆಲ್ಲ ತಡೆಯುತ್ತದೆ. ಬೀದಿಯ ಎಲ್‌ಇಡಿ ಬೆಳಕು ಎಲ್ಲ ಬಣ್ಣಗಳಿಗೂ ಹಂಚಿಹೋಗಿರುವುದರಿಂದ ಅದರ ಚೂರಷ್ಟೇ ಒಳಬರುತ್ತದೆ. ನೀಹಾರಿಕೆಯ ಬೆಳಕು ಬಹುಪಾಲು ದಾಟಿಬಿಡುತ್ತದೆ. ಹಾಲುಹಾದಿಯೇ ಕಾಣದ ಬೆಂಗಳೂರಿನ ತಾರಸಿ ಕೂಡ ಹೀಗೆ ಕೆಲಸಕ್ಕೆ ಬರುತ್ತದೆ. ತಿಂಗಳ ಬೆಳಕಿದ್ದರೂ ಹೈಡ್ರೋಜನ್ ಚಿತ್ರ ತೆಗೆಯಬಹುದು, ಆಕ್ಸಿಜನ್‌ಗೆ ಮಾತ್ರ ಕತ್ತಲೆಯ ರಾತ್ರಿಯೇ ಮೇಲು.

ಜನವರಿಯಲ್ಲಿ ಆರ್ದ್ರಾ ನಕ್ಷತ್ರದ ಪೂರ್ವಕ್ಕೆ ರೋಸೆಟ್ ನೀಹಾರಿಕೆ ಇರುತ್ತದೆ. ಸುಮಾರು 5,000 ಜ್ಯೋತಿರ್ವರ್ಷ ದೂರದಲ್ಲಿದ್ದೂ ಆಕಾಶದಲ್ಲಿ ಚಂದ್ರನ ಎರಡು ಪಟ್ಟಿಗಿಂತ ಅಗಲ. ದೊಡ್ಡ ದೂರದರ್ಶಕಕ್ಕೆ ಅದರ ಒಂದು ಮೂಲೆ ಸಿಕ್ಕೀತು, 60–80 ಮಿ.ಮೀ.ನ ಚಿಕ್ಕದಕ್ಕೆ ಇಡಿಯಾಗಿ ಸಿಗುತ್ತದೆ. ಐದು ನಿಮಿಷದ ಒಂದು ಚಿತ್ರದಲ್ಲಿ ಕಾಣುವುದು ಮರಳು ಮರಳಾದ ಬೂದು ಬಣ್ಣ, ನಡುವೆ ಮಸುಕಾದ ಬಳೆ. ಇಂಥ ಹದಿನಾರು ಚಿತ್ರಗಳ ಸರಾಸರಿ ತೆಗೆದರೆ ಆ ಮರಳು ಕಾಲು ಭಾಗಕ್ಕೆ ಇಳಿಯುತ್ತದೆ. ಗಂಟೆಗಳು ಸೇರುತ್ತ ಹೋದಂತೆ ಬಳೆಯ ಅಂಚಿನಲ್ಲಿ ಕಪ್ಪು ಧೂಳಿನ ಪುಟ್ಟ ಮುದ್ದೆಗಳ ಸಾಲು ಮೂಡುತ್ತದೆ. ಅದನ್ನು ನೋಡಿದವರು ಈ ಹವ್ಯಾಸ ಬಿಡುವುದು ಕಷ್ಟ.

ದುಡ್ಡು ಹಾಕುವುದಾದರೆ ದೂರದರ್ಶಕಕ್ಕಿಂತ ಮೊದಲು ಅದನ್ನು ಹೊತ್ತು ತಿರುಗಿಸುವ ಮೌಂಟ್‌ಗೆ ಹಾಕಬೇಕು. ಭೂಮಿಯ ತಿರುಗುವಿಕೆಗೆ ಸರಿಯಾಗಿ ಅದು ಹಿಂಬಾಲಿಸದಿದ್ದರೆ ನಕ್ಷತ್ರಗಳು ಗೀರಾಗುತ್ತವೆ. ಅದನ್ನು ಧ್ರುವನತ್ತ ಹೊಂದಿಸಬೇಕು; ಬೆಂಗಳೂರಿನಲ್ಲಿ ಧ್ರುವ ಇರುವುದು ಬರೀ 13 ಡಿಗ್ರಿ ಎತ್ತರದಲ್ಲಿ, ಎದುರುಮನೆಯ ನೀರಿನ ಟ್ಯಾಂಕಿನ ಹಿಂದೆ.

ಬಣ್ಣ ಕೊಡುವುದು ಕೊನೆಯ ಕೆಲಸ. 1995ರ ಹಬಲ್ ಚಿತ್ರ ‘ಸೃಷ್ಟಿಸ್ತಂಭ’ಗಳಲ್ಲಿ ಗಂಧಕಕ್ಕೆ ಕೆಂಪು, ಹೈಡ್ರೋಜನ್‌ಗೆ ಹಸಿರು, ಆಕ್ಸಿಜನ್‌ಗೆ ನೀಲಿ ಕೊಡಲಾಗಿತ್ತು. ಇದು ಕಣ್ಣಿಗೆ ಕಾಣುವ ಬಣ್ಣವಲ್ಲ ನಿಜ, ಆದರೆ ಯಾವ ಅನಿಲ ಎಲ್ಲಿದೆ ಎಂದು ತೋರಿಸುವ ನಕ್ಷೆ.

ದಕ್ಷಿಣದಲ್ಲಿರುವ ನಮಗೆ ಒಂದು ಲಾಭವೂ ಉಂಟು. ಯುರೋಪಿನ ಆಕಾಶದಲ್ಲಿ ಮೇಲೇಳದ ಕರೀನಾ ನೀಹಾರಿಕೆ ಇಲ್ಲಿ ಸುಮಾರು 17 ಡಿಗ್ರಿ ಎತ್ತರಕ್ಕೆ ಬರುತ್ತದೆ. ಅದಕ್ಕೆ ಮಾರ್ಚ್, ಏಪ್ರಿಲ್ ರಾತ್ರಿಗಳೇ ತಕ್ಕವು. ಮೇ ಮಳೆ ಹಿಡಿದರೆ ಮುಂದಿನ ವರ್ಷದವರೆಗೆ ಕಾಯಬೇಕು.