ಹಿರೋಷಿಮಾ ಬರೆದಿಟ್ಟದ್ದು

1945ರ ಆಗಸ್ಟ್ 6, ಬೆಳಿಗ್ಗೆ 8 ಗಂಟೆ 15 ನಿಮಿಷ. ಹಿರೋಷಿಮಾದ ಅಣ್ಣನ ಮನೆಯಲ್ಲಿ ತಂಗಿದ್ದ ಲೇಖಕ ಹಾರಾ ತಮಿಕಿ ಆ ಹೊತ್ತಿಗೆ ಕಕ್ಕಸಿನಲ್ಲಿದ್ದರು. ನೆತ್ತಿಗೆ ಏನೋ ಬಡಿಯಿತು, ಕಣ್ಣಿಗೆ ಕತ್ತಲೆ ಕವಿಯಿತು. ಅವರು ಬದುಕಿದರು. ಅಂದಿನ ರಾತ್ರಿಯನ್ನು ನದಿಯ ದಂಡೆಯಲ್ಲಿ ಕಳೆದು, ಮರುದಿನ ತೋಷೋಗು ದೇಗುಲದ ಬಳಿ ಗಾಯಾಳುಗಳ ನಡುವೆ ಆಶ್ರಯ ಪಡೆದರು. ಜೊತೆಗಿದ್ದ ಪುಟ್ಟ ನೋಟ್‌ಬುಕ್ಕಿನಲ್ಲಿ ಕಂಡದ್ದನ್ನು ಕಂಡಂತೆ ಗೀಚಿಕೊಳ್ಳತೊಡಗಿದರು.

ಆ ನೋಟ್‌ಬುಕ್ಕು ಇಂದಿಗೂ ಉಳಿದಿದೆ. ಅದರಲ್ಲಿ ಅವರು ಹೆಚ್ಚಾಗಿ ಬಳಸಿದ್ದು ಕತಕಾನ ಲಿಪಿ. ಜಪಾನಿಯರು ಸಾಮಾನ್ಯವಾಗಿ ಹೊರನಾಡಿನ ಪದಗಳನ್ನು ಬರೆಯಲು ಇಟ್ಟುಕೊಂಡಿರುವ, ಕಡ್ಡಿ ಮುರಿದು ಜೋಡಿಸಿದಂಥ ಮೊನಚು ಅಕ್ಷರಗಳು ಅವು. ಮುಂದೆ ಈ ಟಿಪ್ಪಣಿಗಳಿಂದಲೇ ‘ನತ್ಸು ನೊ ಹಾನಾ’, ಅಂದರೆ ‘ಬೇಸಿಗೆಯ ಹೂಗಳು’ ಎಂಬ ಕಥೆ ಬೆಳೆಯಿತು. ನಿರೂಪಕ ಹೂ ಕೊಂಡು ತೀರಿಹೋದ ಹೆಂಡತಿಯ ಸಮಾಧಿಗೆ ಹೋಗುವಲ್ಲಿಂದ ಕಥೆ ಶುರುವಾಗುತ್ತದೆ. ಬಾಂಬು ಬೀಳುವುದು ಅದಾದ ಎರಡು ದಿನಕ್ಕೆ. ಒಬ್ಬಳ ಸಾವಿಗೆ ಹೂವಿಟ್ಟು ಬಂದವನ ಕಣ್ಣಮುಂದೆ ಲೆಕ್ಕವಿಲ್ಲದ ಸಾವು. ಉರಿದ ಊರನ್ನು ಬಣ್ಣಿಸುವ ಒಂದೆಡೆ ಕಥೆಯ ಗದ್ಯ ನಿಂತು ಕತಕಾನದ ಕೆಲವು ಸಾಲುಗಳು ಬರುತ್ತವೆ. ಎಂದಿನ ಲಿಪಿಯಲ್ಲಿ ಇದನ್ನು ಹೇಳಲಾಗದು ಎಂದು ಹಾರಾ ಬಗೆದಿದ್ದರು. ಅವರ ಆಯ್ಕೆ ಎಷ್ಟು ಸರಿಯಾಗಿತ್ತು ಎಂಬುದು ಆ ಪುಟ ತೆರೆದ ಕೂಡಲೇ ಕಣ್ಣಿಗೇ ತಿಳಿಯುತ್ತದೆ.

ಆದರೆ ಅಚ್ಚಾಗುವುದು ಸುಲಭವಿರಲಿಲ್ಲ. ಸೋತ ಜಪಾನಿನಲ್ಲಿ ಆಡಳಿತ ಹಿಡಿದಿದ್ದ ಅಮೆರಿಕದ ಸೇನೆ 1945ರ ಸೆಪ್ಟೆಂಬರಿನಲ್ಲೇ ಪತ್ರಿಕೆಗಳಿಗೆ ಕಟ್ಟುಪಾಡು ವಿಧಿಸಿತ್ತು. ಬಾಂಬಿನ ಬಗ್ಗೆ ಬರೆದದ್ದೆಲ್ಲ ಸೆನ್ಸಾರಿನ ಕಣ್ಣಿಗೆ ಬೀಳುತ್ತಿತ್ತು. ‘ಅಣುಬಾಂಬು’ ಎಂದಿದ್ದ ಶೀರ್ಷಿಕೆ ‘ಬೇಸಿಗೆಯ ಹೂಗಳು’ ಆಯಿತು, ಕೆಲವು ಭಾಗ ಕತ್ತರಿಗೆ ಸಿಕ್ಕಿತು. ಕಥೆ ಬೆಳಕು ಕಂಡದ್ದು 1947ರಲ್ಲಿ, ‘ಮಿತಾ ಬುಂಗಾಕು’ ಎಂಬ ಸಾಹಿತ್ಯ ಪತ್ರಿಕೆಯಲ್ಲಿ. ಹಾರಾ 1951ರಲ್ಲಿ ತಮ್ಮ ಬದುಕನ್ನು ತಾವೇ ಮುಗಿಸಿಕೊಂಡರು.

ಜಪಾನನ್ನು ಅರಿಯಲು ಹೊರಟವರಿಗೆ ಮೊದಲು ಸಿಗುವುದು ಝೆನ್ ಕಥೆ, ಹೈಕು, ಚಹಾದ ವಿಧಿ, ಚೆರ್ರಿ ಹೂ. ಇವುಗಳಿಂದಾಗಿ ಶಾಂತಿ ಆ ನಾಡಿನ ಹುಟ್ಟುಗುಣ ಎಂಬ ಭಾವನೆ ಬರುವುದು ಸಹಜ. ಚರಿತ್ರೆ ಹಾಗೆ ಹೇಳುವುದಿಲ್ಲ. 1894ರಲ್ಲಿ ಚೀನಾದ ಮೇಲೆ, 1904ರಲ್ಲಿ ರಷ್ಯಾದ ಮೇಲೆ ಯುದ್ಧ, 1910ರಲ್ಲಿ ಕೊರಿಯಾ ವಶ, 1931ರಲ್ಲಿ ಮಂಚೂರಿಯಾ, 1937ರಲ್ಲಿ ನಾನ್‌ಜಿಂಗ್‌ನ ಹತ್ಯಾಕಾಂಡ. ಇಂದು ನಾವು ಜಪಾನಿನ ಶಾಂತಿ ಚಿಂತನೆ ಎಂದು ಕರೆಯುವುದನ್ನು ಈ ನೆತ್ತರಿನ ದಾರಿ ಸವೆಸಿದ ಮೇಲೆ, ಬಹುಪಾಲು ಸಾಮಾನ್ಯ ಜನ, ಒಂದೊಂದಾಗಿ ಕಟ್ಟಿಕೊಂಡರು.

ಧರ್ಮಗಳು ಕೂಡ ಆಗ ಯುದ್ಧಕ್ಕೆ ಹೆಗಲು ಕೊಟ್ಟಿದ್ದವು. ಶಿಂತೊ ಪ್ರಭುತ್ವದ ಕೈಗೆ ಸಿಕ್ಕಿತ್ತು. 1869ರಲ್ಲಿ ಸ್ಥಾಪನೆಯಾದ, ಮುಂದೆ ಯಾಸುಕುನಿ ಎಂದು ಹೆಸರಾದ ತೋಕಿಯೊದ ದೇಗುಲದಲ್ಲಿ ಚಕ್ರವರ್ತಿಗಾಗಿ ಮಡಿದ ಯೋಧರು ದೇವತೆಗಳಾದರು. ಝೆನ್ ಸೇರಿದಂತೆ ಬೌದ್ಧ ಪಂಥಗಳ ಅನೇಕ ಹಿರಿಯರು ಸೈನಿಕನ ನಿಷ್ಠೆಯನ್ನು ಸಾಧನೆಯ ಮಟ್ಟಕ್ಕೇರಿಸಿ ಉಪದೇಶ ಮಾಡಿದರು. ಬೇರೆ ದನಿ ಎತ್ತಿದವರೂ ಇದ್ದರು. ಕ್ರೈಸ್ತ ಚಿಂತಕ ಉಚಿಮುರಾ ಕಾಂಜೊ ರಷ್ಯಾದ ಮೇಲಿನ ಯುದ್ಧವನ್ನು ಬರಹದಲ್ಲಿ ವಿರೋಧಿಸಿದರು. ಕವಯಿತ್ರಿ ಯೊಸಾನೊ ಅಕಿಕೊ ಅದೇ ಯುದ್ಧಕ್ಕೆ ಹೋಗಿದ್ದ ತಮ್ಮನಿಗೆ ಪ್ರಾಣ ಕೊಡಬೇಡವೆಂದು ಕವಿತೆ ಬರೆದು ಬೈಗುಳ ತಿಂದರು.

ಹಕೊನೆ ಬೆಟ್ಟಗಳ ಪುಟ್ಟ ದೇವಾಲಯವೊಂದರಲ್ಲಿದ್ದ ಸೋತೊ ಝೆನ್ ಭಿಕ್ಷು ಉಚಿಯಾಮಾ ಗುದೊ ಇನ್ನೂ ಮುಂದೆ ಹೋದರು. ಬುದ್ಧನ ಪೀಠದ ಮರೆಯಲ್ಲಿ ಅಚ್ಚುಯಂತ್ರ ಬಚ್ಚಿಟ್ಟುಕೊಂಡು, ಗೇಣಿ ರೈತರ ಪರವಾಗಿ, ಸೇನೆಯ ವಿರುದ್ಧವಾಗಿ ಕರಪತ್ರ ಅಚ್ಚು ಹಾಕಿದರು. ರಾಜದ್ರೋಹದ ಮೊಕದ್ದಮೆಯಲ್ಲಿ 1911ರ ಜನವರಿಯಲ್ಲಿ ಅವರನ್ನು ಗಲ್ಲಿಗೇರಿಸಿದರು. ಅದಕ್ಕೂ ಮೊದಲೇ ಅವರ ಪಂಥ ಅವರ ಭಿಕ್ಷು ಪದವಿಯನ್ನು ಕಿತ್ತುಕೊಂಡಿತ್ತು. ಯುದ್ಧಕಾಲದಲ್ಲಿ ತಾನು ನಡೆದುಕೊಂಡ ರೀತಿಗೆ ಸೋತೊ ಪಂಥ ಬಹಿರಂಗವಾಗಿ ಪಶ್ಚಾತ್ತಾಪ ಪಟ್ಟದ್ದು 1992ರಲ್ಲಿ. ಗುದೊ ಅವರ ಪದವಿ ಮರಳಿದ್ದು 1993ರಲ್ಲಿ. ಎಂಬತ್ತು ವರ್ಷ ಬೇಕಾಯಿತು, ನಿಜ. ಆದರೂ ತಮ್ಮ ತಪ್ಪನ್ನು ತಾವೇ ಬರೆದು ಒಪ್ಪಿಕೊಂಡ ಧಾರ್ಮಿಕ ಸಂಸ್ಥೆಗಳು ಜಗತ್ತಿನಲ್ಲಿ ಹೆಚ್ಚಿಲ್ಲ. ಝೆನ್ ಓದುವವರು ಕಥೆಗಳ ಜೊತೆಗೆ ಈ ಪುಟವನ್ನೂ ಓದಬೇಕು.

ಭಾರತಕ್ಕೆ ಇಲ್ಲೊಂದು ನಂಟಿದೆ. ನಿಚಿರೆನ್ ಪರಂಪರೆಯ ಭಿಕ್ಷು ಫುಜಿಯಿ ನಿಚಿದತ್ಸು 1933ರಲ್ಲಿ ವಾರ್ಧಾದಲ್ಲಿ ಗಾಂಧೀಜಿಯನ್ನು ಕಂಡರು. ತಮಟೆ ಬಾರಿಸುತ್ತ ಫುಜಿಯಿ ಹೇಳುತ್ತಿದ್ದ ಮಂತ್ರ ಗಾಂಧೀಜಿಯ ಆಶ್ರಮದ ಪ್ರಾರ್ಥನೆಯಲ್ಲಿ ಸೇರಿಕೊಂಡಿತು. ಯುದ್ಧ ಮುಗಿದ ಮೇಲೆ ಫುಜಿಯಿ ಶಾಂತಿ ಸ್ತೂಪಗಳನ್ನು ಕಟ್ಟಿಸುತ್ತ ಹೋದರು. ರಾಜಗೀರ್ ಬೆಟ್ಟದ ಮೇಲೆ 1969ರಲ್ಲಿ ಎದ್ದ ಬಿಳಿಯ ಸ್ತೂಪ ಅವುಗಳಲ್ಲಿ ಒಂದು.

ಬಾಂಬಿನ ಸಾಹಿತ್ಯಕ್ಕೆ ಮರಳಿದರೆ, ಅಲ್ಲಿನ ಅತಿ ದೊಡ್ಡ ಹೆಸರು ಇಬುಸೆ ಮಸುಜಿ ಅವರ ‘ಕುರೊಯ್ ಆಮೆ’, ‘ಕಪ್ಪು ಮಳೆ’. 1965ರಿಂದ ಪತ್ರಿಕೆಯಲ್ಲಿ ಧಾರಾವಾಹಿಯಾಗಿ ಬಂದ ಈ ಕಾದಂಬರಿಯ ಕೇಂದ್ರದಲ್ಲಿರುವುದು ಹೆಣ್ಣಿನ ಮದುವೆಯ ಮಾತುಕತೆ. ಶಿಗೆಮತ್ಸು ಎಂಬ ಹಳ್ಳಿಗನ ಸೋದರ ಸಂಬಂಧದ ಮಗಳು ಯಾಸುಕೊಗೆ ನೆಂಟಸ್ತಿಕೆ ಬರುತ್ತದೆ, ಹುಡುಗಿ ಬಾಂಬು ಬಿದ್ದ ದಿನ ಊರಿನಲ್ಲಿದ್ದಳಂತೆ ಎಂಬ ಗಾಳಿಮಾತಿಗೆ ಮುರಿದು ಬೀಳುತ್ತದೆ. ಆಕೆಗೆ ಏನೂ ಆಗಿಲ್ಲವೆಂದು ಗಂಡಿನ ಕಡೆಯವರಿಗೆ ತೋರಿಸಲು ಅವನು ಹಳೆಯ ದಿನಚರಿಗಳನ್ನು ನಕಲು ಮಾಡಲು ಕೂರುತ್ತಾನೆ. ಬರೆಯುತ್ತಾ ಹೋದಂತೆ, ಆಕೆಯ ಮೈಮೇಲೆ ಕಪ್ಪು ಮಳೆ ಸುರಿದಿತ್ತೆಂಬ ಮಾತು ಆ ಪುಟಗಳಲ್ಲೇ ಎದುರಾಗುತ್ತದೆ. ಬೆಂಕಿಯ ಬಿಸಿಗೆ ಮೇಲೇರಿದ ಮಸಿ, ದೂಳು, ವಿಕಿರಣದ ಕಣಗಳು ಬೆರೆತು ಬಿದ್ದ ಮಳೆ ಅದು. ಕೊನೆಗೆ ಯಾಸುಕೊ ಕಾಯಿಲೆ ಬೀಳುತ್ತಾಳೆ.

ಇಬುಸೆ ಇದಕ್ಕೆ ಆಧಾರವಾಗಿಟ್ಟುಕೊಂಡದ್ದು ನಿಜವಾದ ದಿನಚರಿಗಳನ್ನು. ಮದುವೆಗೆ ಅಡ್ಡಿ, ಕೆಲಸಕ್ಕೆ ಅಡ್ಡಿ, ನೆರೆಹೊರೆಯ ಪಿಸುಮಾತು: ಹಿಬಾಕುಷಾ, ಅಂದರೆ ಬಾಂಬಿನಿಂದ ಬದುಕುಳಿದವರು, ದಶಕಗಳ ಕಾಲ ಇದನ್ನು ಉಂಡಿದ್ದಾರೆ. ಆ ಮಳೆಯಲ್ಲಿ ನೆನೆದ 84 ಮಂದಿಯನ್ನು ಬಾಧಿತರೆಂದು ಹಿರೋಷಿಮಾ ಹೈಕೋರ್ಟು ಎತ್ತಿಹಿಡಿದದ್ದು 2021ರ ಜುಲೈಯಲ್ಲಿ!

ನಾಗಾಸಾಕಿಯ ವೈದ್ಯ ನಾಗಾಯ್ ತಕಾಶಿ ಅವರ ‘ನಾಗಾಸಾಕಿಯ ಗಂಟೆ’ಯ ಕತೆ ಬೇರೆಯದು. 1949ರಲ್ಲಿ ಅದು ಅಚ್ಚಾಗಬೇಕಾದರೆ, ಮನಿಲಾದಲ್ಲಿ ಜಪಾನಿ ಸೇನೆ ನಡೆಸಿದ ಕ್ರೌರ್ಯದ ವರದಿಯನ್ನೂ ಅದೇ ಹೊತ್ತಿಗೆಯಲ್ಲಿ ಸೇರಿಸಬೇಕೆಂದು ಅಮೆರಿಕದ ಅಧಿಕಾರಿಗಳು ಹಟ ಹಿಡಿದರು. ತಮ್ಮ ಬಾಂಬಿಗೆ ಸಮರ್ಥನೆ ಬೇಕಿತ್ತು, ಅದು ಸ್ಪಷ್ಟ. ಆದರೂ ತಾನು ಉಂಡ ನೋವಿನ ಪಕ್ಕದಲ್ಲಿ ತಾನು ಕೊಟ್ಟ ನೋವನ್ನು ಇಟ್ಟು ನೋಡುವ ಪ್ರಶ್ನೆ ಜಪಾನನ್ನು ಆಮೇಲೂ ಬಿಡಲಿಲ್ಲ. ಬಾಂಬು ಬಿದ್ದಾಗ ಹಿರೋಷಿಮಾದಲ್ಲಿ ಹತ್ತಾರು ಸಾವಿರ ಕೊರಿಯನ್ನರಿದ್ದರು, ಹಲವರು ಬಲವಂತದ ದುಡಿಮೆಗೆ ಬಂದವರು. ಅವರ ನೆನಪಿನ ಕಲ್ಲು 1970ರಲ್ಲಿ ನೆಟ್ಟದ್ದು ಶಾಂತಿ ಉದ್ಯಾನದ ಹೊರಗೆ. ಅದಕ್ಕೆ ಒಳಗೆ ಜಾಗ ಸಿಕ್ಕಿದ್ದು 1999ರಲ್ಲಿ.

ಇದೆಲ್ಲ ಲೇಖಕರ ಮಟ್ಟದ ಮಾತಾಯಿತು. ಬಾಂಬಿನ ವಿರುದ್ಧದ ದನಿ ಬೀದಿಗೆ ಬಂದದ್ದು 1954ರಲ್ಲಿ, ಮೀನಿನ ಮೂಲಕ. ಆ ಮಾರ್ಚ್ 1ರಂದು ಬಿಕಿನಿ ಹವಳದ್ವೀಪದಲ್ಲಿ ಅಮೆರಿಕ ಸಿಡಿಸಿದ ಹೈಡ್ರೋಜನ್ ಬಾಂಬಿನ ಬೂದಿ ‘ದಾಯ್ಗೊ ಫುಕುರ್ಯು ಮಾರು’ ಎಂಬ ಜಪಾನಿ ದೋಣಿಯ 23 ಮೀನುಗಾರರ ಮೇಲೆ ಉದುರಿತು. ಸೆಪ್ಟೆಂಬರಿನಲ್ಲಿ ದೋಣಿಯ ರೇಡಿಯೊ ಆಪರೇಟರ್ ತೀರಿಕೊಂಡರು. ನೂರಾರು ದೋಣಿಗಳು ತಂದ ಟ್ಯೂನಾ ಮೀನನ್ನು ಎಸೆಯಬೇಕಾಯಿತು, ಮೀನಂಗಡಿಗಳು ಬಣಗುಟ್ಟಿದವು. ತೋಕಿಯೊದ ಸುಗಿನಾಮಿ ಬಡಾವಣೆಯಲ್ಲಿ ಮೀನು ವ್ಯಾಪಾರಿಗಳು ಮತ್ತು ಪುಸ್ತಕ ಓದಲು ಸೇರುತ್ತಿದ್ದ ಗೃಹಿಣಿಯರು ಮನೆಮನೆಗೆ ಹೋಗಿ ಸಹಿ ಸಂಗ್ರಹಿಸಿದರು. ಮರುವರ್ಷದ ಹೊತ್ತಿಗೆ ದೇಶದಲ್ಲಿ ಬಿದ್ದ ಸಹಿಗಳು ಮೂರು ಕೋಟಿ ದಾಟಿದವು. ಬಾಂಬಿನ ಪರೀಕ್ಷೆಯಿಂದ ಕೆರಳಿ ಕಡಲಿನಿಂದ ಏಳುವ ‘ಗೊಜಿರಾ’ (ನಮಗೆ ಗಾಡ್ಜಿಲಾ ಎಂದು ಪರಿಚಯ) ತೆರೆಗೆ ಬಂದದ್ದೂ 1954ರ ನವೆಂಬರಿನಲ್ಲೇ.

ಈ ಅಲೆಯಿಂದಲೇ 1956ರಲ್ಲಿ ನಾಗಾಸಾಕಿಯಲ್ಲಿ ಬದುಕುಳಿದವರ ಸಂಘ ‘ನಿಹೊನ್ ಹಿದಾಂಕ್ಯೊ’ ಹುಟ್ಟಿತು. 2024ರ ನೊಬೆಲ್ ಶಾಂತಿ ಪ್ರಶಸ್ತಿ ಅದಕ್ಕೇ ಬಂತು.

ಇನ್ನೊಂದೆಡೆ ಸಂವಿಧಾನದ 9ನೇ ವಿಧಿಯಿದೆ. 1947ರ ಮೇ 3ರಂದು ಜಾರಿಗೆ ಬಂದ ಆ ಸಂವಿಧಾನದಲ್ಲಿ ಜಪಾನ್ ಯುದ್ಧದ ಹಕ್ಕನ್ನೇ ತ್ಯಜಿಸಿದೆ. ಅದೇ ಜಪಾನ್ 1954ರಲ್ಲಿ ‘ಆತ್ಮರಕ್ಷಣಾ ಪಡೆ’ ಕಟ್ಟಿತು, 2015ರಲ್ಲಿ ಮಿತ್ರದೇಶಗಳ ನೆರವಿಗೆ ಹೋರಾಡಲು ದಾರಿ ಮಾಡುವ ಕಾನೂನು ತಂದಿತು. ‘ಹಿರೋಷಿಮಾ ಟಿಪ್ಪಣಿಗಳು’ ಬರೆದ ನೊಬೆಲ್ ಲೇಖಕ ಓಎ ಕೆಂಜಬುರೊ ಗೆಳೆಯರೊಂದಿಗೆ 2004ರಲ್ಲಿ 9ನೇ ವಿಧಿಯ ರಕ್ಷಣೆಗೆ ಸಂಘ ಕಟ್ಟಿದರು, ಇಳಿವಯಸ್ಸಿನಲ್ಲೂ ಸಭೆಗಳಲ್ಲಿ ಮಾತಾಡಿದರು. 2021ರ ಜನವರಿಯಲ್ಲಿ ಅಣ್ವಸ್ತ್ರ ನಿಷೇಧದ ಅಂತರರಾಷ್ಟ್ರೀಯ ಒಪ್ಪಂದ ಜಾರಿಗೆ ಬಂತು. ಅಮೆರಿಕದ ಅಣುಕೊಡೆಯಡಿ ನಿಂತಿರುವ ಜಪಾನ್ ಸರ್ಕಾರ ಅದಕ್ಕೆ ಸಹಿ ಹಾಕಿಲ್ಲ. ಸಹಿ ಹಾಕಿ ಎಂದು ಹಿದಾಂಕ್ಯೊದ ಹಿರಿಯರು ಸರ್ಕಾರವನ್ನು ಒತ್ತಾಯಿಸುತ್ತಲೇ ಇದ್ದಾರೆ.