ಜರ್ಮನಿಯ ಮನೆಯಲ್ಲಿ ಒಂದು ವರ್ಷ: ಮಗಳನ್ನು ಕಳಿಸುವ ಮುಂಚೆ ತಿಳಿಯೋಣ



ಭತ್ತದ ನಾಟಿ, ಕಳೆ, ಕೊಯ್ಲು ಮುಗಿದರೆ ನಮ್ಮ ಸಿರುಗುಪ್ಪ ಭಾಗದಲ್ಲಿ ಹೆಣ್ಣುಮಕ್ಕಳ ಕೈಗೆ ಕೆಲಸ ಕಮ್ಮಿ. ಊರು ಬಿಟ್ಟು ದುಡಿಯಲು ಹೋಗೋದು ನಮಗೇನೂ ಹೊಸದಲ್ಲ. ಆದರೆ ಈಗ ಓದಿದ ಮಗಳು ಮೊಬೈಲು ನೋಡಿ, "ಅವ್ವಾ, ನಾನು ಜರ್ಮನಿಗೆ ಓಪೇರ್ ಆಗಿ ಹೋಗ್ತೀನಿ, ಸಂಘದಾಗೆ ಸಾಲ ತೆಗಿ" ಅಂದರೆ ಏನು ಮಾಡಬೇಕು? ಹೆದರಿ ಬೇಡ ಅನ್ನೋದೂ ಸರಿಯಲ್ಲ, ಹಿಗ್ಗಿ ಸಾಲ ಮಾಡೋದೂ ಸರಿಯಲ್ಲ. ಮೊದಲು ವಿಷಯ ತಿಳಿಯೋಣ.

ಓಪೇರ್ ಅಂದರೇನು?

ಇದು ಫ್ರೆಂಚ್ ಮಾತು. 'ಸರಿಸಮಾನವಾಗಿ' ಎಂದು ಅರ್ಥ. ಹುಡುಗಿ ಅಥವಾ ಹುಡುಗ ಒಂದು ಕುಟುಂಬದ ಜೊತೆ ಮನೆಯವರಂತೆ ಇದ್ದು, ಅವರ ಮಕ್ಕಳನ್ನು ನೋಡಿಕೊಂಡು, ಸಣ್ಣಪುಟ್ಟ ಮನೆಗೆಲಸಕ್ಕೆ ಕೈಗೂಡಿಸಿ, ಅಲ್ಲಿನ ಭಾಷೆ ಮತ್ತು ಬದುಕನ್ನು ಕಲಿಯುವ ಏರ್ಪಾಡು. ಇದು ನೌಕರಿ ಅಲ್ಲ, ಆಳಾಗಿ ದುಡಿಯುವುದೂ ಅಲ್ಲ. ಭಾಷೆ ಕಲಿಯಲು ಆ ಜನರ ನಡುವೆ ಬಾಳಬೇಕು ಎಂಬುದು ಹಳೆಯ ಸತ್ಯ. ಜರ್ಮನಿಯ ಕಿಟ್ಟೆಲ್ ಅವರು 1853ರಲ್ಲಿ ಇಲ್ಲಿಗೆ ಬಂದು, ನಮ್ಮ ಜನರ ನಡುವೆ ಇದ್ದು ಕನ್ನಡ ಕಲಿತಿದ್ದಕ್ಕೇ 1894ರಲ್ಲಿ ಅವರ ಕನ್ನಡ ನಿಘಂಟು ಹೊರಬಂತು.

ಯಾರು ಹೋಗಬಹುದು?

ವಯಸ್ಸು 18 ತುಂಬಿರಬೇಕು. ವೀಸಾಕ್ಕೆ ಅರ್ಜಿ ಹಾಕುವಾಗ 27 ತುಂಬಿರಬಾರದು. ಜರ್ಮನ್ ಭಾಷೆಯ ಮೊದಲ ಮಟ್ಟ, ಅಂದರೆ 'ಎ1', ಬರಬೇಕು. ಅವಧಿ ಕನಿಷ್ಠ 6 ತಿಂಗಳು, ಹೆಚ್ಚೆಂದರೆ 1 ವರ್ಷ. ಅದರ ಮೇಲೆ ಓಪೇರ್ ಆಗಿ ಮುಂದುವರಿಯಲು ಬರುವುದಿಲ್ಲ. ಕರ್ನಾಟಕದವರಿಗೆ ಜರ್ಮನಿಯ ದೂತಾವಾಸ ಕಚೇರಿ ಬೆಂಗಳೂರಿನಲ್ಲಿದೆ.

ಅಲ್ಲಿ ದಿನ ಹೇಗೆ ಹೋಗುತ್ತದೆ?

ಬೆಳಿಗ್ಗೆ ಮಕ್ಕಳನ್ನು ಎಬ್ಬಿಸಿ, ಬ್ರೆಡ್ಡು-ಬೆಣ್ಣೆಯ ತಿಂಡಿ ಕೊಟ್ಟು, ಶಿಶುವಿಹಾರಕ್ಕೆ ಬಿಟ್ಟು ಬರುವುದು. ಆಮೇಲೆ ಪಾತ್ರೆ, ಬಟ್ಟೆ. ಅದಕ್ಕೆಲ್ಲ ಹೆಚ್ಚಾಗಿ ಮೆಷಿನ್ ಇರುತ್ತದೆ. ಬಿಡುವಿನಲ್ಲಿ ಭಾಷೆಯ ಕ್ಲಾಸು. ಮಧ್ಯಾಹ್ನದ ಮೇಲೆ ಮಕ್ಕಳನ್ನು ಕರೆತಂದು ಆಡಿಸುವುದು. ಬಹಳ ಮನೆಗಳಲ್ಲಿ ರಾತ್ರಿ ಊಟ ಎಂದರೆ ತಣ್ಣನೆಯ ಬ್ರೆಡ್ಡು, ಚೀಸು. ಬಿಸಿ ಮುದ್ದೆ, ಅನ್ನ-ಸಾರು ತಿಂದು ಬೆಳೆದ ಮಗಳಿಗೆ ಮೊದಲ ತಿಂಗಳು ಇದೇ ದೊಡ್ಡ ಕಷ್ಟ.

ಕಸವನ್ನು ಬೇರೆ ಬೇರೆ ಡಬ್ಬಿಗೆ ಹಾಕಬೇಕು. ಭಾನುವಾರ ಅಂಗಡಿ ಮುಚ್ಚಿರುತ್ತವೆ. ಹೇಳಿದ ಸಮಯಕ್ಕೆ ಐದು ನಿಮಿಷ ತಡವಾದರೂ ಬೇಸರ ಮಾಡಿಕೊಳ್ಳುತ್ತಾರೆ. ಡಿಸೆಂಬರಿನಲ್ಲಿ ಸಾಯಂಕಾಲ ನಾಲ್ಕೂವರೆಗೆಲ್ಲ ಕತ್ತಲು. ನಮ್ಮ ಬಿಸಿಲಿನ ಮಕ್ಕಳಿಗೆ ಆಗ ಮನಸ್ಸು ಕುಗ್ಗುತ್ತದೆ. ಚಳಿಗಾಲದಲ್ಲಿ ಇಲ್ಲಿ ರಾತ್ರಿ 8 ಗಂಟೆ ಆದಾಗ ಅಲ್ಲಿ ಮಧ್ಯಾಹ್ನ 3.30. ಫೋನ್ ಮಾಡುವ ಹೊತ್ತನ್ನು ಮೊದಲೇ ಗೊತ್ತು ಮಾಡಿಕೊಳ್ಳಿರಿ.

ಇನ್ನೊಂದು ಮಾತು. ಅಲ್ಲಿ ಮಕ್ಕಳನ್ನು ಹೊಡೆಯುವಂತಿಲ್ಲ. ಹೊಡೆತ ಕಾಣದೆ ಬೆಳೆಯುವುದು ಮಗುವಿನ ಹಕ್ಕು ಎಂದು 2000ದಲ್ಲೇ ಕಾನೂನು ಮಾಡಿದ್ದಾರೆ. ಹಟ ಮಾಡುವ ಮಗುವಿಗೆ ಒಂದು ಏಟು ಕೊಟ್ಟರೂ ದೊಡ್ಡ ತೊಂದರೆಯಾದೀತು.

ಎಷ್ಟು ಕೆಲಸ, ಎಷ್ಟು ಹಣ?

• ದಿನಕ್ಕೆ 6 ಗಂಟೆ, ವಾರಕ್ಕೆ 30 ಗಂಟೆಗಿಂತ ಹೆಚ್ಚು ಕೆಲಸ ಇಲ್ಲ. ಮಕ್ಕಳನ್ನು ಕಾಯುತ್ತ ಕೂರುವ ಹೊತ್ತೂ ಇದರಲ್ಲೇ ಸೇರಿದೆ.
• ವಾರಕ್ಕೆ ಒಂದೂವರೆ ದಿನ ರಜೆ. ವರ್ಷಕ್ಕೆ 4 ವಾರ ಸಂಬಳದ ರಜೆಯಂಥ ರಜೆ.
• ಮಲಗಲು ಸ್ವಂತ ಕೋಣೆ, ಕಿಟಕಿ ಇರಬೇಕು. ಊಟ, ವಸತಿ, ಆರೋಗ್ಯ ವಿಮೆ ಕುಟುಂಬದವರದೇ.
• ತಿಂಗಳಿಗೆ 280 ಯೂರೋ ಕೈಖರ್ಚು. ಭಾಷೆಯ ಕ್ಲಾಸಿಗೆ ಬೇರೆ 70 ಯೂರೋ.

ವಯಸ್ಸಾದವರ, ಹಾಸಿಗೆ ಹಿಡಿದವರ ಸೇವೆ ಓಪೇರ್ ಕೆಲಸ ಅಲ್ಲ. ಬೇರೆಯವರ ಮನೆಗೆ ದುಡಿಯಲು ಕಳಿಸುವಂತೆಯೂ ಇಲ್ಲ. ಇದನ್ನೆಲ್ಲ ಬರೆದ ಒಪ್ಪಂದ ಹೊರಡುವ ಮುಂಚೆಯೇ ಮಗಳ ಕೈಯಲ್ಲಿ ಇರಬೇಕು.

ಸಾಲ ತೆಗೆಯುವ ಮುಂಚೆ ಲೆಕ್ಕ

ಯೂರೋಗೆ 100 ರೂಪಾಯಿ ಎಂದು ಹಿಡಿದರೆ 280 ಯೂರೋ ಎಂದರೆ ತಿಂಗಳಿಗೆ 28 ಸಾವಿರ. ಕೇಳಲು ದೊಡ್ಡದು. ಆದರೆ ಅಲ್ಲಿ ಚಳಿಗೆ ಕೋಟು, ಬೂಟು, ಬಸ್ಸು, ಫೋನು ಎಲ್ಲ ಇದರಲ್ಲೇ ಆಗಬೇಕು. ಇತ್ತ ಪಾಸ್‌ಪೋರ್ಟ್‌ಗೆ 1,500 ರೂಪಾಯಿ, ವೀಸಾಕ್ಕೆ 75 ಯೂರೋ, ಭಾಷೆ ಕಲಿಯುವ ಖರ್ಚು, ವಿಮಾನದ ಟಿಕೆಟ್ಟು. ಟಿಕೆಟ್ಟಿನ ಹಣವನ್ನು ಸಾಮಾನ್ಯವಾಗಿ ಹೋಗುವವರೇ ಹಾಕಬೇಕು.

ಈಗ ಏಜೆಂಟರ ಮಾತಿಗೆ ಬರೋಣ. ಓಪೇರ್ ಆಗಿ ಹೋಗುವವರಿಂದ ಮಧ್ಯವರ್ತಿ 150 ಯೂರೋಗಿಂತ ಹೆಚ್ಚು ತೆಗೆದುಕೊಳ್ಳಬಾರದು ಎಂದು ಜರ್ಮನಿಯ ಕಾನೂನೇ ಹೇಳುತ್ತದೆ. ಅಂದರೆ ಸುಮಾರು 15 ಸಾವಿರ. ಯಾರಾದರೂ ಮೂರು ಲಕ್ಷ ಕೇಳಿದರೆ ಹೀಗೆ ಲೆಕ್ಕ ಹಾಕಿರಿ: ವರ್ಷದ ಪೂರಾ ಕೈಖರ್ಚು 3 ಲಕ್ಷ 36 ಸಾವಿರ. ಮಗಳು ವರ್ಷವೆಲ್ಲ ಒಂದು ಕಾಫಿ ಕುಡಿಯದೆ ಉಳಿಸಿದರೂ ಬಡ್ಡಿ ಸೇರಿ ಸಾಲ ತೀರುವುದು ಕಷ್ಟ. ಸಾಲದ ಭಾರ ಇರುವ ಹುಡುಗಿ ಕೆಟ್ಟ ಮನೆ ಸಿಕ್ಕರೂ ಬಾಯಿ ಬಿಡುವುದಿಲ್ಲ, ಸಹಿಸಿಕೊಂಡು ಇರುತ್ತಾಳೆ. ನಿಜವಾದ ಅಪಾಯ ಇಲ್ಲೇ ಇದೆ.

"ಪ್ರವಾಸಿ ವೀಸಾದಲ್ಲಿ ಹೋಗಲಿ, ಆಮೇಲೆ ಬದಲಾಯಿಸೋಣ" ಅಂದರೆ ನಂಬಬೇಡಿರಿ. "ಜರ್ಮನಿ ಬೇಡ, ಗಲ್ಫಿಗೆ ಮನೆಗೆಲಸಕ್ಕೆ ಕಳಿಸ್ತೀನಿ, ಅದೂ ಇದೇ ಥರ" ಅನ್ನುವವರೂ ಇರುತ್ತಾರೆ. ಅದು ಇದೇ ಥರ ಅಲ್ಲ. ಹತ್ತನೇ ತರಗತಿ ಪಾಸಾಗದ ಹೆಣ್ಣುಮಕ್ಕಳು ಗಲ್ಫಿಗೆ ಮನೆಗೆಲಸಕ್ಕೆ ಹೋಗಲು 30 ವರ್ಷ ತುಂಬಿರಬೇಕು ಎಂದು ನಮ್ಮ ಸರ್ಕಾರದ ನಿಯಮವಿದೆ.

ತೊಂದರೆ ಬಂದರೆ

ಪಾಸ್‌ಪೋರ್ಟ್ ಯಾವಾಗಲೂ ಮಗಳ ಹತ್ತಿರವೇ ಇರಲಿ. ಮನೆ ಹೊಂದದಿದ್ದರೆ ಒಪ್ಪಂದದ ಪ್ರಕಾರ ಮುಂಚೆ ತಿಳಿಸಿ ಬಿಡಬಹುದು. ಅಲ್ಲಿನ ವಲಸೆ ಕಚೇರಿಗೆ ತಿಳಿಸಿ ಉಳಿದ ತಿಂಗಳಿಗೆ ಬೇರೆ ಕುಟುಂಬ ಹುಡುಕಬಹುದು. ಜರ್ಮನಿಯಲ್ಲಿ ಪೊಲೀಸ್ 110, ಆಂಬುಲೆನ್ಸ್ 112. ದೌರ್ಜನ್ಯಕ್ಕೆ ಒಳಗಾದ ಮಹಿಳೆಯರಿಗೆ 116016, ಹಗಲು-ರಾತ್ರಿ ಉಚಿತ. ಈ ಮೂರು ನಂಬರು ತಾಯಿಯ ಹತ್ತಿರವೂ ಬರೆದಿರಲಿ.

ಹಾಗಾದರೆ ಲಾಭ ಏನು?

ಭಾಷೆ ಮತ್ತು ಧೈರ್ಯ. 1960ರ ದಶಕದಲ್ಲಿ ಕೇರಳದ ಎಷ್ಟೋ ಹೆಣ್ಣುಮಕ್ಕಳು ಕಥೋಲಿಕ ಧರ್ಮಸಭೆಯ ಮೂಲಕ ಜರ್ಮನಿಗೆ ಹೋಗಿ, ಆ ಭಾಷೆ ಕಲಿತು ನರ್ಸುಗಳಾದರು. ಅವರ ಸಂಪಾದನೆಯಿಂದ ಮನೆಗಳು ಎದ್ದವು. ಓಪೇರ್ ವರ್ಷ ಮುಗಿದ ಮೇಲೆ ನರ್ಸಿಂಗ್ ಮುಂತಾದ ತರಬೇತಿಗೆ ಅರ್ಜಿ ಹಾಕಲು ಆ ಭಾಷೆ ನೆರವಾಗುತ್ತದೆ. ಆದ್ದರಿಂದ ಇದನ್ನು ಗಳಿಕೆಯ ವರ್ಷ ಅನ್ನದೆ ಕಲಿಕೆಯ ವರ್ಷ ಎಂದು ತಿಳಿಯಿರಿ.

ಮನೆಗೆಲಸಕ್ಕೂ ಬೆಲೆ ಕಟ್ಟಬೇಕು ಎಂಬ ಮಾತಿನಲ್ಲಿ ನಮ್ಮ ರಾಜ್ಯ ಹಿಂದೆ ಬಿದ್ದಿಲ್ಲ. 2004ರಲ್ಲಿ ಮನೆಗೆಲಸದವರಿಗೆ ಕನಿಷ್ಠ ವೇತನ ಗೊತ್ತುಮಾಡಿದ ಮೊದಲ ರಾಜ್ಯ ಕರ್ನಾಟಕ. ಬೆಂಗಳೂರಿನಲ್ಲಿ ಮನೆಯೊಳಗೇ ಇದ್ದು ದುಡಿಯುವ ನಮ್ಮ ಊರಿನ ಹುಡುಗಿಯರಿಗೂ ಗಂಟೆ, ರಜೆ, ಕೋಣೆ, ಬರೆದ ಒಪ್ಪಂದ ಕೇಳಬಾರದೇಕೆ?

ಮುಂದಿನ ವಾರದ ಸಭೆಯಲ್ಲಿ ಚರ್ಚಿಸಿರಿ

1. ನಮ್ಮ ಊರಿನಿಂದ ಪರಸ್ಥಳದ ಮನೆಗಳಲ್ಲಿ ಇದ್ದು ದುಡಿಯುವ ಹೆಣ್ಣುಮಕ್ಕಳು ಎಷ್ಟು ಜನ? ಅವರ ವಿಳಾಸ ತಾಯಂದಿರಿಗೆ ಗೊತ್ತಿದೆಯೇ?
2. ಹೊರದೇಶಕ್ಕೆ ಹೋಗಲು ಸಾಲ ಕೇಳಿದರೆ ಸಂಘ ಯಾವ ಯಾವ ಕಾಗದ ನೋಡಬೇಕು? ನಿರ್ಣಯವನ್ನು ನಡಾವಳಿ ಪುಸ್ತಕದಲ್ಲಿ ಬರೆಯಿರಿ.
3. ಏಜೆಂಟ್ ರಸೀದಿ ಕೊಡದಿದ್ದರೆ ಏನು ಮಾಡಬೇಕು?